ಅರವತ್ತರ ಮೇಲೆ ಶಾಸನ ಓದಲು ಕೂತಿದ್ದು

ನಿವೃತ್ತಿಯಾದ ಮೇಲೆ ಏನು ಮಾಡ್ಲಾಕತ್ತೀರಿ ಅಂತ ಯಾರಾದರೂ ಕೇಳಿದರೆ ಈಗ ಅಳುಕದೆ ಹೇಳುತ್ತೇನೆ: ಶಾಸನ ಓದೋದು ಕಲೀಲಾಕತ್ತೀನಿ. ಮೊದಲೆಲ್ಲ ಈ ಮಾತು ಗಂಟಲ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಮೊಮ್ಮಗ ಅದಾನ, ಮನಿ ಕೆಲಸ ಇದ್ದೇ ಇರ್ತದಲ್ರೀ ಅಂತ ಏನೋ ಹೇಳಿ ಮುಗಿಸುತ್ತಿದ್ದೆ. ನನ್ನ ವಾರಿಗೆಯ ಎಷ್ಟೋ ಹೆಣ್ಣುಮಕ್ಕಳು ಹೀಗೇ ಮಾತು ಮುಗಿಸುವುದನ್ನು ಕೇಳಿದ್ದೇನೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿಯಾಗಿದ್ದೆ. ಶಾಸನ ಸಂಪುಟಗಳು ಬಂದಾಗ ಮುದ್ರೆ ಒತ್ತಿ, ರಿಜಿಸ್ಟರಿಗೆ ಏರಿಸಿ, ಬೆನ್ನಿಗೆ 411.7 ಅಂತ ಚೀಟಿ ಅಂಟಿಸಿ ಕಪಾಟಿಗೆ ಸೇರಿಸುತ್ತಿದ್ದೆ. ಡ್ಯೂಯಿ ವರ್ಗೀಕರಣದಲ್ಲಿ ಲಿಪಿಶಾಸ್ತ್ರಕ್ಕೂ ಶಾಸನಶಾಸ್ತ್ರಕ್ಕೂ ಇರುವ ಅಂಕಿ ಅದು. ಮಧ್ಯಾಹ್ನ ವಾಚನಾಲಯ ಖಾಲಿಯಾದಾಗ ಒಂದು ಸಂಪುಟ ತೆಗೆದು, ಹಿಂಬದಿಯ ಚಿತ್ರಪುಟಗಳಲ್ಲಿ ಕಲ್ಲಿನ ಅಚ್ಚು ನೋಡುತ್ತ ಕೂರುತ್ತಿದ್ದೆ. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ. ಕನ್ನಡವೇ, ನನ್ನದೇ ಜಿಲ್ಲೆಯದು, ಆದರೆ ಓದಲು ಬರುತ್ತಿರಲಿಲ್ಲ.

ಹಾಗೊಂದು ಮಧ್ಯಾಹ್ನ ನಾಗಾವಿಯ ಶಾಸನದ ಪಾಠ ಕಣ್ಣಿಗೆ ಬಿತ್ತು. ಚಿತ್ತಾಪುರದ ಹತ್ತಿರದ ನಾಗಾವಿ ನಮ್ಮ ಜನಕ್ಕೆ ಎಲ್ಲಮ್ಮನ ಊರು. ಅರವತ್ತು ಕಂಬದ ಗುಡಿ ಅಂದರೂ ಗೊತ್ತಾಗುತ್ತದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲಕ್ಕೆ, 1058ರಲ್ಲಿ, ಅಲ್ಲೊಂದು ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. ವೇದ ಓದುವವರು, ಶಾಸ್ತ್ರ ಓದುವವರು, ಅವರಿಗೆಲ್ಲ ಕಲಿಸುವವರು, ಜೊತೆಗೆ ಆರು ಜನ ಸರಸ್ವತಿ ಭಂಡಾರಿಗಳು. ಅಂದರೆ ನನ್ನ ಹುದ್ದೆಯವರು! ಸಾವಿರ ವರ್ಷದ ಹಿಂದೆ, ನಮ್ಮೂರಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲಿ, ಆರು ಜನ ಪುಸ್ತಕ ಕಾಯುತ್ತಿದ್ದರು, ಅವರ ಲೆಕ್ಕವನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಆ ದಿನ ನನಗಾದ ಸಂತೋಷಕ್ಕೆ ಮೈಮೇಲೆ ಮುಳ್ಳೆದ್ದವು. ಅಚ್ಚಾದ ಪಾಠ ಬೇಡ, ಇಂಥ ಕಲ್ಲನ್ನು ಕಣ್ಣಾರೆ ಓದಬೇಕು ಅನ್ನುವ ಆಸೆ ಹುಟ್ಟಿದ್ದು ಅವತ್ತೇ.

ಆಸೆ ಹುಟ್ಟಿದ್ದು ಆಗ, ಅಕ್ಷರ ಹಿಡಿದದ್ದು ನಿವೃತ್ತಿಯ ನಂತರ. ನಡುವೆ ಮಗಳ ಬಿ.ಎಡ್., ಅತ್ತೆಯವರ ಕಾಯಿಲೆ, ಮನೆಯ ಸಾಲ. ಅವು ನಿಜವಾದ ಕೆಲಸಗಳೇ, ಅವಕ್ಕೆ ಕೊಟ್ಟ ವರ್ಷಗಳ ಬಗ್ಗೆ ನನಗೆ ಕೊರಗಿಲ್ಲ. ಆದರೆ ಪಿಂಚಣಿ ಶುರುವಾಗಿ, ಕೈ ಬಿಡುವಾದ ಮೇಲೂ ಮುಂದೂಡುವುದು ನಿಲ್ಲಲಿಲ್ಲವಲ್ಲ, ಆ ದಿನಗಳ ಬಗ್ಗೆ ಹೇಳಬೇಕು. ಶರಣಬಸವೇಶ್ವರರ ಜಾತ್ರಿ ಮುಗೀಲಿ ಅಂದೆ. ಜಾತ್ರೆ ಮುಗಿಯುವಷ್ಟರಲ್ಲಿ ನಮ್ಮ ಊರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬಿಸಿಲು ಇಳೀಲಿ ಅಂದೆ. ಮಳಿ ನಿಲ್ಲಲಿ. ಶ್ರಾವಣ ಕಳೀಲಿ. ಮೋತಿಬಿಂದು ಆಪರೇಷನ್ ಆಗಲಿ. ಆಪರೇಷನ್ನೂ ಆಯಿತು, ಕಣ್ಣು ನಿಚ್ಚಳವಾಯಿತು, ಆಮೇಲೆ ಹೇಳಲು ಕಾರಣ ಉಳಿಯಲಿಲ್ಲ. ಆಗ ಹೆದರಿಕೆಯೊಂದೇ ಎದುರಿಗೆ ನಿಂತಿತು.

ಯಾವ ಹೆದರಿಕೆ ಅಂತ ಬಹಳ ಯೋಚಿಸಿದ್ದೇನೆ. ಜನ ಏನಂತಾರೋ ಅನ್ನುವುದು ಒಂದು ಪಾಲು ಮಾತ್ರ. ವೃತ್ತಿಜೀವನವೆಲ್ಲ ನಾನು ಕೌಂಟರಿನ ಒಳಗಡೆ ಕೂತವಳು. ಪ್ರಾಧ್ಯಾಪಕರೇ ಬಂದು "ಮೇಡಂ, ಈ ಪುಸ್ತಕ ಎಲ್ಲಿ ಸಿಗ್ತದ್ರೀ?" ಅಂತ ಕೇಳುತ್ತಿದ್ದರು, ನಾನು ಕೂತಲ್ಲಿಂದಲೇ ಕಪಾಟು, ಸಾಲು ಹೇಳುತ್ತಿದ್ದೆ. ಗೊತ್ತಿರುವವಳು ಅನ್ನಿಸಿಕೊಂಡು ಬದುಕಿದವಳು ಈಗ ಹೊರಗಡೆ ನಿಂತು, ಮಗಳ ವಯಸ್ಸಿನವರ ಹತ್ತಿರ "ಇದು ಯಾವ ಅಕ್ಷರ?" ಅಂತ ಕೇಳಬೇಕು. ನನ್ನನ್ನು ತಡೆದಿದ್ದು ಇದು. ವಯಸ್ಸಾದ ಮೇಲೆ ಕಲಿಯಲು ಬುದ್ಧಿ ಮಂಕಾಗಿರುತ್ತದೆ ಅನ್ನುತ್ತಾರೆ. ನನಗೆ ಅದು ಅಷ್ಟು ತೊಂದರೆ ಕೊಡಲಿಲ್ಲ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಗಂಡಸರಿಗೆ ಇದು ಇನ್ನೂ ಕಷ್ಟವೆಂದು ಕಾಣುತ್ತದೆ.

ಗಂಟು ಬಿಚ್ಚಿದ್ದು ನಮ್ಮ ಗ್ರಂಥಾಲಯಕ್ಕೆ ಬರುತ್ತಿದ್ದ ಒಬ್ಬ ಹುಡುಗಿ. ಪಿಎಚ್.ಡಿ. ಮಾಡುತ್ತಿದ್ದಾಳೆ, ವಿಷಯ ಶಾಸನಗಳೇ. ಒಂದು ಸಂಜೆ ಮನೆಗೆ ಬಂದವಳು ಚೀಲದಿಂದ ಸುರುಳಿ ತೆಗೆದು ನಮ್ಮ ಊಟದ ಟೇಬಲ್ಲಿನ ಮೇಲೆ ಹರಡಿದಳು, ಮೂಲೆಗಳಿಗೆ ಸ್ಟೀಲಿನ ಡಬ್ಬಿ ಇಟ್ಟಳು. ಹೊಸದಾಗಿ ತೆಗೆದ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳನ್ನು ಕಾಗದದ ಮೇಲೆ ಇಳಿಸಿಕೊಂಡ ಅಚ್ಚು. "ಮೇಡಂ, ಮೊದಲನೇ ಸಾಲು ಓದ್ರಿ" ಅಂದಳು. ನನಗ ಬರಲ್ಲವ್ವ ಅಂದೆ. ಆ ಮಾತು ಬಾಯಿಂದ ಬಂದೇಬಿಟ್ಟಿತು, ಬಂದ ಮೇಲೆ ಎದೆ ಹಗುರಾಯಿತು. ಅವಳು ನಗಲಿಲ್ಲ. "ಬರ್ತದ್ರೀ. ನಿಮಗ ಬಾಯಿಪಾಠ ಇರೋದೇ ಅದ" ಅಂದು ಮೊದಲ ಎರಡಕ್ಷರದ ಮೇಲೆ ಬೆರಳಿಟ್ಟಳು. ಸ್ವಸ್ತಿ.

ಕಲ್ಯಾಣ ಚಾಲುಕ್ಯರ ಶಾಸನಗಳ ದೊಡ್ಡ ಉಪಕಾರ ಇದು. ಬಹುಪಾಲು ಕಲ್ಲುಗಳಲ್ಲಿ ಶುರುವಿನ ಬಿರುದುಗಳು ಒಂದೇ: ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ. ಈ ಸಾಲು ಬಾಯಿಗೆ ಬಂದರೆ ಯಾವ ಅಕ್ಷರದ ನಂತರ ಯಾವುದು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಆಕಾರವನ್ನು ಗುರುತು ಹಿಡಿದರೆ ಸಾಕು. ಹೀಗೆ ಆ ಒಂದೇ ಸಾಲಿನಿಂದ ಭ, ನ, ಶ, ರ, ವ, ಲ್ಲ, ಮ, ಹ, ಜ, ಧ, ಪ, ಟ್ಟ, ಕ, ಸ, ತ್ಯ ಎಲ್ಲ ಕೈವಶವಾಗುತ್ತವೆ. ಕೊನೆಯ ಶಾಪದ ಶ್ಲೋಕವೂ ಹಾಗೇ. ಸ್ವದತ್ತಾಂ ಪರದತ್ತಾಂ ವಾ ಅಂತ ಶುರುವಾಗುತ್ತದೆ, ದಾನದ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುತ್ತದೆ. ತಲೆ ಗೊತ್ತು, ಬಾಲ ಗೊತ್ತು. ಕಷ್ಟಪಡಬೇಕಾದದ್ದು ನಡುವಿನ ಊರು, ಹೆಸರು, ಗಡಿ, ಅಳತೆಗಳಲ್ಲಿ. ಅಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಮ ಮತ್ತು ವ ಒಂದೇ ಥರ ಕಾಣುತ್ತವೆ. ಎ-ಏ, ಒ-ಓ ಭೇದವಿಲ್ಲ. ಧರ್ಮ ಅನ್ನುವುದು ಧರ್ಮ್ಮ ಆಗಿರುತ್ತದೆ. ತಾರೀಖು ಶಕವರ್ಷದಲ್ಲಿದ್ದರೆ ನಮ್ಮ ಇಸವಿ ತಿಳಿಯಲು 78 ಕೂಡಿಸಬೇಕು. ನಾಗಾವಿಯ ಶಕ 980 ಹಾಗೆ 1058 ಆಗುತ್ತದೆ. ಆರನೆಯ ವಿಕ್ರಮಾದಿತ್ಯ ಶುರುಮಾಡಿದ ಚಾಲುಕ್ಯ ವಿಕ್ರಮ ವರ್ಷ ಅಂತಿದ್ದರೆ 1076ರಿಂದ ಎಣಿಸಬೇಕು.

ನಾನು ಇಷ್ಟು ವರ್ಷ "ಶಾಸನ ಕಲಿಯಬೇಕು" ಅಂತ ಅಂದುಕೊಂಡಿದ್ದೆ. ಅದು ಎಲ್ಲಿ ಹಿಡಿಯಬೇಕೆಂದು ತಿಳಿಯದ ಗುಡ್ಡದಂಥ ಮಾತು. ಆ ಸಂಜೆಯ ನಂತರ, ನಾಳೆ ಬೆಳಿಗ್ಗೆ ಭ ಬರೆಯಬೇಕು ಅಂತ ಅಂದುಕೊಂಡೆ. ಚಹಾ ಆದ ಕೂಡಲೇ, ಪೇಪರ್ ಮುಟ್ಟುವ ಮುಂಚೆ, ಮೊಮ್ಮಗನ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತೇನೆ. ಬರೆದೇ ಕಲಿಯಬೇಕು, ನೋಡಿ ಕಲಿತದ್ದು ನಿಲ್ಲುವುದಿಲ್ಲ. ಮನೆಯವರು ಅಷ್ಟು ಹೊತ್ತು ನನ್ನನ್ನು ಕರೆಯುವುದಿಲ್ಲ. ಬಾಗಿಲ ಗಂಟೆ ಹೊಡೆದರೆ ತಾವೇ ಎದ್ದು ಹೋಗುತ್ತಾರೆ. ಇದನ್ನು ನಾನು ಬಾಯಿಬಿಟ್ಟು ಕೇಳಿದ್ದೆ, ಅವರು ಒಪ್ಪಿದರು. ಕೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅಕ್ಕಂದಿರೇ, ನೀವೂ ಕೇಳಿ.

ಆಮೇಲೆ ಆ ಹುಡುಗಿಯ ಜೊತೆ ಸೇಡಂ ಕಡೆಯ ಒಂದು ಹಳ್ಳಿಗೆ ಹೋದೆ. ಹಣಮಂತ ದೇವರ ಗುಡಿಯ ಮುಂದಿನ ಕಲ್ಲು, ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಾಲುಣಿಸುವ ಆಕಳು. ಪಡಿಯಚ್ಚು ತೆಗೆಯಲು ಅವಳ ಬಳಿ ಅನುಮತಿ ಇತ್ತು, ಊರ ಹಿರಿಯರನ್ನೂ ಕೇಳಿದೆವು. ಕಲ್ಲಿಗೆ ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಒದ್ದೆ ಮಾಡಿದ ಕಾಗದ ಹೊದಿಸಿ, ದಪ್ಪ ಬ್ರಷ್ಷಿನಿಂದ ತಟ್ಟುತ್ತ ಬರಬೇಕು. ತಟ್ಟಿದಂತೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಗಾಳಿ ಉಳಿದರೆ ಅಲ್ಲಿ ಅಕ್ಷರ ಮೂಡುವುದಿಲ್ಲ. ಕಾಗದ ಅರೆ ಒಣಗಿದಾಗ ಬಟ್ಟೆಯ ಗಂಟನ್ನು ಮಸಿಯಲ್ಲಿ ಅದ್ದಿ, ಹಿಂಡಿ, ಹಗುರವಾಗಿ ಒತ್ತಬೇಕು. ಉಬ್ಬಿದ ಭಾಗ ಕಪ್ಪಾಗುತ್ತದೆ, ಗುಳಿ ಬೆಳ್ಳಗೆ ಉಳಿಯುತ್ತದೆ. ಅವಳು ಮಸಿ ಒತ್ತುತ್ತಿದ್ದಳು, ನಾನು ಮೂಡಿದಂತೆ ಓದುತ್ತಿದ್ದೆ. ಸುತ್ತ ಮಕ್ಕಳು. ಒಬ್ಬ ಮುದುಕರು ಕೋಲು ಊರಿಕೊಂಡು ಬಂದು "ಏನ್ ಬರದಾರ್ರೀ ಅವ್ವಾ, ಬಂಗಾರ ಇಟ್ಟಾರೇನು?" ಅಂದರು. ಇಲ್ರೀ ಯಜ್ಜಾರ, ಗುಡಿಯ ದೀಪಕ್ಕ ಎಣ್ಣಿಗೆ ಭೂಮಿ ಬಿಟ್ಟಾರ ಅಂತ ಹೇಳಿದೆ. ನಾನೇ ಓದಿ ಹೇಳಿದೆ! ನಡುವೆ ಎಷ್ಟೋ ಕಡೆ ತಡವರಿಸಿದೆ, ಅವಳನ್ನು ಕೇಳಿದೆ, ಮಕ್ಕಳ ಎದುರಿಗೇ ಕೇಳಿದೆ.

ನನ್ನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬರಿಗೆ ಹಾರ್ಮೋನಿಯಂ ಕಲಿಯುವ ಆಸೆ. ಪೆಟ್ಟಿಗೆ ತಂದು ವರ್ಷವಾಗಿದೆ, ಮೇಲಿನ ಬಟ್ಟೆ ತೆಗೆದಿಲ್ಲ. "ನಿಮ್ಮಷ್ಟು ಧೈರ್ಯ ಇಲ್ರೀ" ಅಂದರು. ಧೈರ್ಯ ಬರುವ ತನಕ ನಾನೂ ಕಾದಿದ್ದೆ, ಅದು ಬರಲಿಲ್ಲ. ಕಲ್ಲಿನ ಮುಂದೆ ಕೂತು ಒಂದು ಸಾಲು ಮುಗಿಸಿದ ಮೇಲೆ ಸ್ವಲ್ಪ ಬಂತು, ಎರಡನೆಯ ಸಾಲಿಗೆ ಇನ್ನೊಂದಿಷ್ಟು.

ಈಗ ಅಶೋಕನ ಕಾಲದ ಬ್ರಾಹ್ಮಿ ಲಿಪಿ ಶುರು ಮಾಡಿದ್ದೇನೆ. 1986ರಲ್ಲಿ ಸನ್ನತಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಡು ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಸಿಕ್ಕಿತಲ್ಲ, ಅದರ ಅಕ್ಷರಗಳನ್ನು ಗುರುತು ಹಿಡಿಯಬೇಕು ಅಂತ. ಭಾಷೆ ಪ್ರಾಕೃತ, ಅರ್ಥಕ್ಕೆ ಅನುವಾದವೇ ಗತಿ, ಅಕ್ಷರವಂತೂ ನನ್ನದಾಗಲಿ. ಮಳೆ ಕಡಿಮೆಯಾದ ಮೇಲೆ ಒಂದು ಭಾನುವಾರ ನಾವಿಬ್ಬರೂ ಸನ್ನತಿಗೂ, ಅದರ ಹತ್ತಿರದ ಬೌದ್ಧ ಸ್ತೂಪದ ಊರು ಕನಗನಹಳ್ಳಿಗೂ ಹೋಗುತ್ತೇವೆ. ಕಲಬುರಗಿಯವರು ಯಾರಾದರೂ ಬರುವುದಿದ್ದರೆ ಬರ್ರಿ. ನಸುಕಿನಲ್ಲೇ ಹೊರಡಬೇಕು, ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತವೆ. ಪಕ್ಕದಿಂದ ಬೆಳಕು ಬಿಡಲು ಒಂದು ಬ್ಯಾಟರಿ, ತಲೆಗೆ ಟವೆಲ್, ಕುಡಿಯಲು ನೀರು ತನ್ನಿ. ರೊಟ್ಟಿ, ಶೇಂಗಾ ಹಿಂಡಿ ನಾನು ಕಟ್ಟಿಕೊಂಡು ಬರುತ್ತೇನೆ.