ಇಂಗ್ಲೆಂಡ್ ಬಿಟ್ಟು ಇಂಗ್ಲಿಷ್ ಓದೋದು

ಮಾವನ ಮಗಳು ಹುಟ್ಟಿ ಬೆಳೆದಿದ್ದು ಇಂಗ್ಲೆಂಡಿನಲ್ಲೇ. ಓದುತ್ತಿರೋದು ಇಂಗ್ಲಿಷ್ ಸಾಹಿತ್ಯ. ಅಲ್ಲಿ ಡಿಗ್ರಿಗೆ ಸಾಮಾನ್ಯವಾಗಿ 3 ವರ್ಷ. ಇವಳದು 4. ಮೂರನೇ ವರ್ಷ ಪೂರ್ತಿ ಬೇರೆ ದೇಶದ ಯೂನಿವರ್ಸಿಟಿಯಲ್ಲಿ ಓದಿ, ಕೊನೇ ವರ್ಷಕ್ಕೆ ವಾಪಸ್ ಬರಬೇಕು. ಇವಳು ಕೆನಡಾ ಅಂತ ಬರೆದುಕೊಟ್ಟಿದ್ದಾಳೆ.

ವಿಡಿಯೋ ಕಾಲ್‌ನಲ್ಲಿ ಇದನ್ನು ಕೇಳಿದ ಅಜ್ಜಿ, ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದವರು, ಈಳಿಗೆ ಪಕ್ಕಕ್ಕೆ ಸರಿಸಿದರು. "ಅಲ್ಲವ್ವಾ, ಇಂಗ್ಲಿಷ್ ಓದೋಕೆ ಇಂಗ್ಲೆಂಡ್ ಬಿಟ್ಟು ಹೋಗ್ತೀಯೇನು?" ಅವಳು ನಕ್ಕಳೇ ಹೊರತು ಉತ್ತರ ಕೊಡಲಿಲ್ಲ.

ದುಡ್ಡಿನ ಲೆಕ್ಕ ಮಾತ್ರ ಅಜ್ಜಿಗೆ ಹಿಡಿಸಿತು. ಅಲ್ಲಿನವರೇ ಆದ ವಿದ್ಯಾರ್ಥಿಗಳಿಂದ ಆ ಹೊರಗಿನ ವರ್ಷಕ್ಕೆ ಇಂಗ್ಲೆಂಡಿನ ಯೂನಿವರ್ಸಿಟಿ, ಸರ್ಕಾರ ಹಾಕಿರೋ ವಾರ್ಷಿಕ ಗರಿಷ್ಠ ಫೀಸಿನ 15%ಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲವಂತೆ. ಖರ್ಚಿಗೆ ನೆರವಾಗಲು 2021ರಲ್ಲಿ ಶುರುವಾದ, ಅಲ್ಲಿನ ಸರ್ಕಾರ ದುಡ್ಡು ಕೊಡುವ ಟ್ಯೂರಿಂಗ್ ಸ್ಕೀಮ್ ಬೇರೆ ಇದೆ. ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ, ಅದು ಬೇರೆ ಮಾತು.

ನಾನು ಇಲ್ಲಿ ದಾವಣಗೆರೆಯಲ್ಲಿ ಇಂಗ್ಲಿಷ್ ಎಂಎ ಓದುವವನು. ಏಪ್ರಿಲ್ ಮಧ್ಯಾಹ್ನ, ಕರೆಂಟ್ ಹೋಗಿ ಫ್ಯಾನ್ ನಿಂತಿರುತ್ತೆ, ಪುಸ್ತಕದ ತುಂಬ ಲಂಡನ್ನಿನ ಮಂಜು. ಬೆವರು ಒರೆಸಿಕೊಂಡು ಹಿಮದ ಬಗ್ಗೆ ನೋಟ್ಸ್ ಬರೆಯುತ್ತೇವೆ. ನಾವು ಈ ಸಾಹಿತ್ಯವನ್ನು ಓದಿದ್ದೇ ಹೊರಗೆ ನಿಂತು. ಅವಳಿಗೆ ಹಾಗೆ ನಿಲ್ಲೋಕೆ ಒಂದು ವರ್ಷ ಬೇರೆ ದೇಶಕ್ಕೇ ಹೋಗಬೇಕು. ಹೋಗಲಿ ಬಿಡಿ, ಒಳ್ಳೇದೇ ಅಲ್ವಾ? ಇಂಗ್ಲಿಷ್ ಸಾಹಿತ್ಯ ಅಂದರೆ ಇಂಗ್ಲೆಂಡ್ ಒಂದೇ ಅಲ್ಲ ಅಂತ ನಮಗೆ ಸಿಲಬಸ್ಸೇ ಹೇಳಿಕೊಟ್ಟಿದೆ.

ಸುಮ್ನೆ ಒಂದು ಡೌಟು: ಅವರ ಕಾಲೇಜು ಹೀಗೆ ಓದೋಕೆ ಕಳಿಸುವ ಊರುಗಳ ಪಟ್ಟಿಯಲ್ಲಿ ನಮ್ಮೂರು ಯಾಕಿಲ್ಲ? ಬಿಸಿಲೊಂದು ತಡೆದುಕೊಂಡರೆ ಸಾಕು, ಬೆಣ್ಣೆ ದೋಸೆ ನಾನು ಕೊಡಿಸುತ್ತೇನೆ.