ಪುಯೆರ್ತೊ ವಯಾರ್ತಾ: ಅತ್ತೆ, ಮಕ್ಕಳನ್ನು ಕಟ್ಟಿಕೊಂಡು ಮರೀನಾದಲ್ಲಿ ಏಳು ದಿನ

ಡಿಸೆಂಬರ್ ಎರಡನೇ ವಾರ ಡಲ್ಲಾಸ್‌ನಿಂದ ಮೆಕ್ಸಿಕೋದ ಪುಯೆರ್ತೊ ವಯಾರ್ತಾಕ್ಕೆ ಹೋಗಿ ಬಂದೆವು. ನಾವಿಬ್ಬರು, ಎರಡು ಮಕ್ಕಳು, ಧಾರವಾಡದಿಂದ ಬಂದಿದ್ದ ನಮ್ಮತ್ತೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಊಟ-ತಿಂಡಿ ಎಲ್ಲ ಸೇರಿದ ಆಲ್ ಇನ್‌ಕ್ಲೂಸಿವ್ ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ, ಅಡುಗೆಮನೆ ಇರುವ ರೂಮ್ ತಗೊಳ್ಳಿ.

ವೀಸಾ ತಲೆನೋವು ಜಾಸ್ತಿ ಇಲ್ಲ. ನಮ್ಮ ಭಾರತದ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟಿನಲ್ಲಿರುವ ಅಮೆರಿಕ ವೀಸಾದ ಅವಧಿ ಮುಗಿದವರು ಮಾತ್ರ ಟಿಕೆಟ್ ತೆಗೆಯುವ ಮುಂಚೆ ವಿಚಾರಿಸಿಕೊಳ್ಳಿ.

ನಾವು ಉಳಿದುಕೊಂಡಿದ್ದ ಮರೀನಾ ವಯಾರ್ತಾ (ದೋಣಿ ನಿಲ್ಲಿಸುವ ಬಂದರಿನ ಸುತ್ತಲಿನ ಬಡಾವಣೆ) ಏರ್‌ಪೋರ್ಟಿನ ಪಕ್ಕದಲ್ಲೇ ಇದೆ, ಟ್ಯಾಕ್ಸಿ ಹತ್ತಿ ಕೂತರೆ ಹತ್ತು ನಿಮಿಷ. ಆದರೆ ಹೊರಗೆ ಬರುವ ಮೊದಲು ಒಂದು ಹಾಲ್ ದಾಟಬೇಕು. ಅಲ್ಲಿ ನೀಟಾಗಿ ಡ್ರೆಸ್ ಮಾಡಿಕೊಂಡವರು 'ಯಾವ ಹೋಟೆಲ್? ಟ್ಯಾಕ್ಸಿ ಬೇಕಾ?' ಅಂತ ಆಫೀಸರ್ ಥರಾನೇ ಕೇಳುತ್ತಾರೆ. ಎಲ್ಲ ಟೈಮ್‌ಶೇರ್ (ವರ್ಷಕ್ಕೆ ಇಷ್ಟು ದಿನ ಅಂತ ರೆಸಾರ್ಟ್ ಬಳಸುವ ಹಕ್ಕು) ಮಾರುವವರು, ನಿಲ್ಲದೆ ನಡೆಯಿರಿ. ಅಲ್ಲಿ ತಪ್ಪಿಸಿಕೊಂಡ ನಾವು, ಉಳಿದುಕೊಂಡಿದ್ದ ಜಾಗದಲ್ಲೇ ಅಂಥವರ ಕೈಗೆ ಸಿಕ್ಕಿಬಿದ್ದೆವು. ನಮ್ಮ ಸ್ಕೀಮ್ ಕೇಳೋಕೆ ಬನ್ನಿ, ತಿಂಡಿ ಫ್ರೀ, ಒಂದೂವರೆ ಗಂಟೆ ಅಷ್ಟೇ ಅಂದರು, ನಮ್ಮನೆಯವರು ಹೂಂ ಅಂದುಬಿಟ್ಟರು. ಒಬ್ಬರಾದ ಮೇಲೆ ಒಬ್ಬರು ಬಂದು ಕೂತು ರೇಟ್ ಇಳಿಸುತ್ತಾ ಹೋದರು, ನಾವು ಎದ್ದಾಗ ಮಧ್ಯಾಹ್ನದ ಊಟದ ಹೊತ್ತು. ಬಿಟ್ಟಿ ಪಪ್ಪಾಯಿ ಹೋಳುಗಳಿಗೋಸ್ಕರ ಅರ್ಧ ದಿನ ಹೋಯಿತು.

ಈಗ ಊಟ. ಅಲ್ಲಿ ಹುರುಳಿಕಾಯಿ ಬೀಜದ ಪಲ್ಯದಂಥ ಫ್ರಿಹೋಲೆಸ್ ನೋಡೋಕೆ ಪಕ್ಕಾ ಸಸ್ಯಾಹಾರ, ಆದರೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕಿ ಮಾಡುತ್ತಾರೆ. ಟೊಮೆಟೊ ಹಾಕಿದ ಕೆಂಪು ಅನ್ನ ಹೆಚ್ಚಾಗಿ ಕೋಳಿ ಸಾರಿನಲ್ಲಿ ಬೆಂದಿರುತ್ತದೆ. ಸ್ಪ್ಯಾನಿಷ್‌ನಲ್ಲಿ ಬರೀ 'ಸಿನ್ ಕಾರ್ನೆ' (ಮಾಂಸ ಬೇಡ) ಅಂದರೆ ಸಾಲದು, ಚಿಕನ್ ಹಾಕಿ ತಂದುಕೊಟ್ಟಾರು. 'ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ' ಅಂತ ಕೋಳಿ, ಮೀನು, ಕೊಬ್ಬು ಮೂರನ್ನೂ ಬಿಡಿಬಿಡಿಯಾಗಿ ಬೇಡ ಅನ್ನಿ. ನಾನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ಅತ್ತೆಯನ್ನು ಉಳಿಸಿದ್ದು ತೋರ್ತಿಯೆರಿಯಾ, ಅಂದರೆ ಮೆಕ್ಕೆಜೋಳದ ತೋರ್ತಿಯಾ (ತೆಳು ರೊಟ್ಟಿ) ಸುಟ್ಟು ಮಾರುವ ಸಣ್ಣ ಅಂಗಡಿ. ಮಿಷಿನ್ನಿನಿಂದ ಒಂದರ ಹಿಂದೊಂದು ಬಿಸಿಬಿಸಿ ಬಂದು ಬೀಳುತ್ತವೆ, ತೂಕ ಹಾಕಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಅತ್ತೆ ಒಂದನ್ನು ಮುರಿದು ಮೂಸಿ ನೋಡಿ 'ಇದು ಗೋಂಜಾಳ ರೊಟ್ಟಿ ಅಲ್ಲೇನು? ಆದರ ಸುಣ್ಣದ ವಾಸನಿ ಬರ್ತದಲ್ಲ' ಅಂದರು. ದಿನಾ ಎಲೆಅಡಿಕೆ ಹಾಕುವವರ ಮೂಗು ನೋಡಿ! ನಿಜವಾಗಿಯೂ ಸುಣ್ಣವೇ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ಆಮೇಲೆ ರುಬ್ಬುತ್ತಾರೆ. ಅವತ್ತಿನಿಂದ ದಿನಾ ಅದೇ, ಜೊತೆಗೆ ಶೇಂಗಾ ಚಟ್ನಿ (ಊರಿಂದ ತಂದಿದ್ದು), ಬೆಣ್ಣೆಹಣ್ಣು, ನಿಂಬೆಹಣ್ಣು, ಈರುಳ್ಳಿ. ಕುಡಿಯೋಕೆ ನಲ್ಲಿ ನೀರು ಬೇಡ, ನಮ್ಮ ಬೆಂಗಳೂರಿನ ಥರ 20 ಲೀಟರ್ ಕ್ಯಾನ್ ಸಿಗುತ್ತದೆ.

ಅಂದಹಾಗೆ, ಅಲ್ಲಿನ ದುಡ್ಡು ಪೆಸೊಗೂ ಡಾಲರ್ ಚಿಹ್ನೆಯನ್ನೇ ಹಾಕುತ್ತಾರೆ. ಮೆನುವಿನಲ್ಲಿ 180 ನೋಡಿ ನಾನೊಮ್ಮೆ ಬೆಚ್ಚಿಬಿದ್ದೆ. ಎಟಿಎಂ 'ನಿಮ್ಮ ಕರೆನ್ಸಿಗೆ ಬದಲಿಸಲಾ' ಅಂತ ಕೇಳಿದರೆ ಬೇಡ ಅನ್ನಿ, ಅದರ ರೇಟ್ ದುಬಾರಿ.

ಸಂಜೆ ಮರೀನಾ ಸುತ್ತ ಕಾಲುದಾರಿಯಲ್ಲಿ ನಡೆಯೋದು ಪುಕ್ಕಟೆ. ದೋಣಿಗಳು ಸಾಲಾಗಿ ನಿಂತಿರುತ್ತವೆ, ಪೆಲಿಕನ್‌ಗಳು ಕಾದು ಕೂತಿರುತ್ತವೆ. ಪಕ್ಕದಲ್ಲೇ ಎಲ್ ಸಲಾದೊ ಅನ್ನುವ ಅಳಿವೆ, ಮ್ಯಾಂಗ್ರೋವ್ ಕಾಡು ಇದೆ, ಅದರಲ್ಲಿ ಮೊಸಳೆಗಳಿವೆ. ಎಚ್ಚರಿಕೆಯ ಬೋರ್ಡುಗಳು ಸುಮ್ನೆ ಹಾಕಿದ್ದಲ್ಲ, ಕತ್ತಲಾದ ಮೇಲೆ ಮಕ್ಕಳನ್ನು ನೀರಿನ ಅಂಚಿಗೆ ಬಿಡಬೇಡಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಾಂದೆರಾಸ್ ಕೊಲ್ಲಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಬರುತ್ತವೆ. ಬೆಳಗಿನ ದೋಣಿಯನ್ನೇ ಹಿಡಿಯಿರಿ, ವಾಂತಿ ಮಾತ್ರೆ ಹೊರಡುವ ಮುಂಚೆಯೇ ನುಂಗಿ. ಮಗಳು ನುಂಗಲಿಲ್ಲ, ಬಾಲ ಎದ್ದಾಗ ಅವಳ ತಲೆ ಬಕೆಟ್‌ನಲ್ಲಿತ್ತು. ಡಿಸೆಂಬರ್ 1ರಿಂದ 12ರವರೆಗೆ ಊರಿನ ಗ್ವಾದಲೂಪೆ ಮಾತೆಯ ಚರ್ಚಿಗೆ ದಿನಾ ಮೆರವಣಿಗೆ ಇರುತ್ತದೆ, ಹೂವು, ಬ್ಯಾಂಡು, ಕುಣಿತ. ಅತ್ತೆ ಜಾತ್ರೆ ಅಂತಲೇ ಎರಡು ಸಲ ಹೋದರು. ಆ ದಿನಗಳಲ್ಲಿ ಹಳೇ ಊರಿನೊಳಗೆ ಟ್ಯಾಕ್ಸಿ ತೆವಳುತ್ತದೆ, ಸ್ವಲ್ಪ ಮೊದಲೇ ಇಳಿದು ನಡೆಯೋದು ವಾಸಿ.

ವಾಪಸ್ ಬರುವಾಗ ಹಣ್ಣು-ಹಂಪಲು ತರಬೇಡಿ. ಡಲ್ಲಾಸ್‌ನಲ್ಲಿ ಅತ್ತೆ ಕೈಚೀಲದಿಂದ ಎರಡು ಪೇರಲ ಹೊರಗೆ ಬಂದವು. ಆಫೀಸರ್ ಕೇಳುವ ಮೊದಲೇ ನಾವೇ ಹೇಳಿದ್ದಕ್ಕೆ ದಂಡ ಹಾಕಲಿಲ್ಲ, ಹಣ್ಣು ಮಾತ್ರ ಡಬ್ಬಕ್ಕೆ ಹೋಯಿತು. ಅತ್ತೆ ಇವತ್ತಿಗೂ ಅದನ್ನು ಮರೆತಿಲ್ಲ.