ಕುಡಿಯಲ್ಲ, ತುಪ್ಪ ತಿನ್ನಲ್ಲ, ಲಿವರ್‌ಗೆ ಕೊಬ್ಬು ಎಲ್ಲಿಂದ ಬಂತು?

ನಾನು ಹುಬ್ಬಳ್ಳಿಯಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಡಾಕ್ಟರ್ ಅಲ್ಲ. ಆದರೂ ಉಣಕಲ್ ಕೆರೆಗೆ ವಾಕಿಂಗ್ ಬರುವವರು ಮೊಬೈಲ್‌ನಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸುತ್ತಾರೆ. ಗ್ರೇಡ್ 1 ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಕೂತಿದೆ. ಆಮೇಲೆ ಅದೇ ಪ್ರಶ್ನೆ: "ಮೇಡಂ, ನಾ ಕುಡಿಯಂಗಿಲ್ರೀ. ತುಪ್ಪಾನೂ ಬಿಟ್ಟೀನಿ. ಮತ್ತ ಕೊಬ್ಬು ಎಲ್ಲಿಂದ ಬಂತ್ರೀ?"

ಚಹಾ ಎಷ್ಟು ಸಲ ಅಂತ ನಾನು ಕೇಳುತ್ತೇನೆ. ಪಕ್ಕದ ಮನೆ ಕಾಕಾ ಬೆರಳು ಮಡಚಿ ಎಣಿಸಿದರು. ಆರು ಸಲ, ಪ್ರತಿ ಕಪ್ಪಿಗೆ ಎರಡು ಚಮಚ ಸಕ್ಕರೆ. ದಿನಕ್ಕೆ ಸುಮಾರು 50 ಗ್ರಾಂ ಆಯಿತು. ಪೇಡೆಯ ಲೆಕ್ಕ ಬೇರೆ.

ಲಿವರ್ ಜೀವಕೋಶದಲ್ಲಿ ಕೊಬ್ಬು ಸುಡುವ ಒಲೆ ಮೈಟೊಕಾಂಡ್ರಿಯ. ಆದರೆ ಕೊಬ್ಬು ಸುಮ್ನೆ ಒಳಗೆ ನುಗ್ಗುವ ಹಾಗಿಲ್ಲ. ಆ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ಸಿಪಿಟಿ-1 ಅನ್ನೋ ಪ್ರೋಟೀನ್ ಕೂತಿದೆ. ಅದು ಕೊಬ್ಬಿಗೆ ಕಾರ್ನಿಟಿನ್ ಅನ್ನೋ ಸಣ್ಣ ಅಣು ಅಂಟಿಸಿ ಕಳಿಸಿದರೆ ಮಾತ್ರ ಒಳಗೆ ದಾರಿ. ಬ್ಯಾಡಗಿ ಮೆಣಸಿನಕಾಯಿ ಲಾರಿಗೆ ಗೇಟಿನಲ್ಲಿ ಚೀಟಿ ಹರಿದುಕೊಟ್ಟ ಹಾಗೆ.

ಸಕ್ಕರೆ ಜಾಸ್ತಿಯಾಗಿ ಇನ್ಸುಲಿನ್ ಏರಿದಾಗ ಲಿವರ್ ಆ ಸಕ್ಕರೆಯಿಂದಲೇ ಹೊಸ ಕೊಬ್ಬು ಮಾಡಲು ಕೂರುತ್ತದೆ. ಅದಕ್ಕೆ ಬೇಕಾದ ಕಚ್ಚಾ ಮಾಲು ಮ್ಯಾಲೊನಿಲ್-ಕೋಎ. ಮಜಾ ಇರೋದು ಇಲ್ಲೇ. ಇದೇ ಮ್ಯಾಲೊನಿಲ್-ಕೋಎ ಹೋಗಿ ಸಿಪಿಟಿ-1ರ ಕೈ ಕಟ್ಟುತ್ತದೆ. ಒಂದು ಕಡೆ ಕೊಬ್ಬು ಮಾಡುತ್ತಾ ಇನ್ನೊಂದು ಕಡೆ ಸುಟ್ಟರೆ ದಂಡ ಅಲ್ವಾ? ದೇಹದ ಲೆಕ್ಕ ಸರಿಯೇ ಇದೆ. ಎರಡೆರಡು ತಾಸಿಗೊಮ್ಮೆ ಸಿಹಿ ಚಹಾ ಬಂದರೆ ಆ ಗೇಟು ಪೂರ್ತಿ ತೆರೆಯುವುದು ಯಾವಾಗ?

ಸಕ್ಕರೆಯೊಂದೇ ಕಾರಣ ಅಂತಲ್ಲ. ಲಿವರ್‌ಗೆ ಬರುವ ಕೊಬ್ಬಿನಲ್ಲಿ ದೊಡ್ಡ ಪಾಲು ಮೈಯಲ್ಲಿ ಕೂತ ಕೊಬ್ಬು ಕರಗಿ ಬಂದದ್ದು. ಹುಟ್ಟಿನಿಂದ ಬಂದ ಕಾರಣಗಳೂ ಇವೆ. ಮೈಟೊಕಾಂಡ್ರಿಯದ ಹೊರಪೊರೆಯಲ್ಲೇ ಎಮ್‌ಟಾರ್ಕ್-1 ಅನ್ನೋ ಇನ್ನೊಂದು ಪ್ರೋಟೀನ್ ಇದೆ. ಅದರ ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ ಇದ್ದವರಿಗೆ ಸಿರೋಸಿಸ್ (ಲಿವರ್ ಗಾಯದ ಕಲೆಗಟ್ಟಿ ಗಟ್ಟಿಯಾಗುವ ರೋಗ) ಅಪಾಯ ಕಡಿಮೆ ಅಂತ 2020ರಲ್ಲಿ ಗೊತ್ತಾಯಿತು. ಒಂದೇ ಅಡುಗೆ ಉಂಡ ಅಣ್ಣತಮ್ಮಂದಿರ ಲಿವರ್ ಬೇರೆ ಬೇರೆ ಇರೋದಕ್ಕೆ ಇಂಥವೂ ಕಾರಣ.

ತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಲಿವರ್‌ನ ಕೊಬ್ಬೂ ಉರಿಯೂತವೂ ಇಳಿಯುತ್ತವೆ. ಕಾಕಾಗೆ ಇದನ್ನೆಲ್ಲ ಹೇಳಿ ಮುಗಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಬೆಲ್ಲದ ಚಹಾ ನಡೀತೈತೇನವಾ?"

ನಡೆಯಲ್ಲ ಕಾಕಾ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ.